ಪಡುವಣ ಹೊಸ್ತಿಲು

ಬೈಂದೂರು ತಾಲ್ಲೂಕಿನ ಕಡಲ ಬದಿಯ ಮನೆಗಳಿಗೆಲ್ಲ ಆ ವರ್ಷ ಬಣ್ಣ ಕೊಡುವ ಕೆಲಸ ಬಂತು. ಗೋಡೆಗೆ ಬಳಿಯುವ ಬಣ್ಣವಾಗಿದ್ದರೆ ಜನ ಖುಷಿಪಡುತ್ತಿದ್ದರೋ ಏನೋ. ಇದು ಮೊಬೈಲಿನೊಳಗಿನ ಬಣ್ಣ. ಕಡಲು ಉಕ್ಕಿದರೆ ಯಾವ ಮನೆಗೆ ಎಷ್ಟು ಅಪಾಯ ಎಂದು ಲೆಕ್ಕ ಹಾಕಿ ಹಸಿರು, ಹಳದಿ, ಕೆಂಪು ಎಂದು ಗುರುತು ಹಾಕಬೇಕು. ಹಸಿರು ಬಂದವರು ನೆಮ್ಮದಿಯಾಗಿರಬಹುದು. ಹಳದಿ ಬಂದವರ ಮನೆಯೆದುರು ಕಲ್ಲಿನ ತಡೆಗೋಡೆ ಬರುತ್ತದೆ, ಅಂದರೆ ಬರಬಹುದು. ಕೆಂಪು ಬಂದವರು ಮನೆ ಬಿಡಬೇಕು. ಅವರಿಗೆ ಹೆದ್ದಾರಿಯಿಂದಾಚೆ ಗುಡ್ಡದ ಬದಿಯಲ್ಲಿ ಜಾಗ, ಜಾಗದ ಮೇಲೊಂದು ಮನೆ.

ಕಿರಿಮಂಜೇಶ್ವರದ ಕಡೆಯ ಕೇರಿಗಳಿಗೆ ಈ ಕೆಲಸ ಹೊತ್ತು ಬಂದವಳು ಶ್ರೀಲತಾ. ಕೊಲ್ಲೂರಿನ ಹತ್ತಿರದ ಒಂದು ಗ್ರಾಮದ ಆಡಳಿತಾಧಿಕಾರಿ. ನಲವತ್ತು ದಾಟಿದ, ಗಟ್ಟಿ ಗಂಟಲಿನ, ಮಾತಿಗೆ ಮಾತು ಕೊಡುವ ಹೆಂಗಸು. ಜೊತೆಗೆ ವಿಶಾಲ್ ಎಂಬ ಹೊಸ ಎಂಜಿನಿಯರ್. ಅವನು ಘಟ್ಟದ ಮೇಲಿನವನು. ಕಡಲು ಕಂಡಾಗಲೆಲ್ಲ ಮೊದಲು ತನ್ನ ಫೋಟೊ ತೆಗೆದುಕೊಂಡು ಆಮೇಲೆ ಮನೆಯ ಫೋಟೊ ತೆಗೆಯುತ್ತಿದ್ದ. ಟೇಪಿನ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಮನೆಯ ಹೊಸ್ತಿಲಿನಿಂದ ಉಬ್ಬರದ ಗೆರೆಯವರೆಗೆ ಅಳೆಯುವುದು, ಅಳತೆಯನ್ನು ಮೊಬೈಲಿಗೆ ತುಂಬಿಸುವುದು. ಉಳಿದದ್ದನ್ನು ಮೊಬೈಲೇ ಹೇಳುತ್ತದೆ; ಆ ಬಣ್ಣವನ್ನು ಅಧಿಕಾರಿ ಬಾಯಿಬಿಟ್ಟು ಹೇಳಿ ಖಾಯಂ ಮಾಡಬೇಕು.

ಹೇಳಲು ಸುಲಭ. ಆದರೆ ಒಂದೊಂದು ಮನೆಗೆ ಎರಡು ಮೂರು ಬಾಗಿಲು. ತರಬೇತಿಯಲ್ಲಿ ಯಾರೋ ಈ ಪ್ರಶ್ನೆ ಎತ್ತಿದ್ದಕ್ಕೆ, ಮುಖ್ಯ ಹೊಸ್ತಿಲು ಯಾವುದೆಂದು ಮನೆಯವರೇ ತೋರಿಸಲಿ ಎಂದು ಸಾಹೇಬರು ಅಪ್ಪಣೆ ಕೊಡಿಸಿದ್ದರು. ಇದು ಕೇರಿಗೆ ಗೊತ್ತಾಗಲು ಅರ್ಧ ದಿನವೂ ಬೇಕಾಗಲಿಲ್ಲ. ಮನೆ ಬಿಡುವ ಮನಸ್ಸಿದ್ದವರು ಕಡಲಿಗೆ ಹತ್ತಿರದ ಬಾಗಿಲು ತೋರಿಸಿದರು. ಒಬ್ಬ ಪುಣ್ಯಾತ್ಮ ಬಚ್ಚಲಿನ ಬಾಗಿಲನ್ನೇ ಹೆಬ್ಬಾಗಿಲು ಎಂದು ಆಣೆ ಹಾಕಿದ. ಮೀನು ಮಾರುವ ಬಾಗಿ, ಬೆಳಿಗ್ಗೆ ದಡಕ್ಕೆ ಬರುವ ಮೀನು ಬಿಟ್ಟು ಗುಡ್ಡ ಹತ್ತಿದರೆ ತಾನು ಮಾರುವುದು ಕಲ್ಲನ್ನೇ ಎಂದು ಹೇಳಿ, ರಸ್ತೆ ಬದಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಳು.

ಆದರೆ ಈ ಜಾಣತನ ಶ್ರೀಲತಾಳ ಹತ್ತಿರ ಹೆಚ್ಚು ನಡೆಯಲಿಲ್ಲ. ಅದು ಸೋಣೆ ತಿಂಗಳು, ಮಳೆ ಇಳಿಮುಖವಾಗುವ ಕಾಲ. ಆ ತಿಂಗಳಿಡೀ ಈ ಸೀಮೆಯ ಹೆಂಗಸರು ಮಿಂದು ಬಂದು ಹೊಸ್ತಿಲು ತೊಳೆದು, ಶೇಡಿ ಮಣ್ಣಿನಿಂದ ಬಿಳಿ ಗೆರೆ ಎಳೆದು, ಹೂವಿಟ್ಟು ಪೂಜೆ ಮಾಡುತ್ತಾರೆ. ಮನೆಯ ಮುಖ್ಯ ಹೊಸ್ತಿಲಿಗೆ ಮಾತ್ರ. ಬಾಯಿ ಏನೇ ಹೇಳಲಿ, ಶೇಡಿ ಗೆರೆ ಎಲ್ಲಿದೆಯೋ ಅದೇ ಹೊಸ್ತಿಲು. ಬಚ್ಚಲಿನ ಹೊಸ್ತಿಲಿಗೆ ಹೂವಿಟ್ಟ ಹೆಂಗಸು ಇನ್ನೂ ಹುಟ್ಟಿಲ್ಲ ಎಂದು ಅವಳು ಆ ಪುಣ್ಯಾತ್ಮನ ಮುಖದೆದುರೇ ಹೇಳಿದಳು. ವಿಶಾಲನಿಗೆ ಇದೊಂದು ಹೊಸ ವಿದ್ಯೆ ಕಲಿತಷ್ಟು ಸಂತೋಷವಾಯಿತು. ಅಂದಿನಿಂದ ಅವನು ಮನೆಯವರನ್ನು ಕೇಳುವುದಕ್ಕೆ ಮೊದಲು ಹೂವನ್ನು ಹುಡುಕತೊಡಗಿದ.

ಇಷ್ಟು ಕಟ್ಟುನಿಟ್ಟಾಗಿದ್ದ ಶ್ರೀಲತಾ, ಒಂದೇ ಒಂದು ಮನೆಯ ಲೆಕ್ಕವನ್ನು ಮಾತ್ರ ಅಳೆಯುವ ಮೊದಲೇ ಮನಸ್ಸಿನಲ್ಲಿ ಮುಗಿಸಿಟ್ಟಿದ್ದಳು. ಅದು ಅವಳ ತವರುಮನೆ.

ಕೇರಿಯ ತೆಂಕಣ ತುದಿಯಲ್ಲಿ, ಗಾಳಿಮರಗಳು ಮುಗಿದು ಮರಳಿಗೆ ಹಬ್ಬುವ ಬಂಗಡೆ ಬಳ್ಳಿ ಶುರುವಾಗುವಲ್ಲಿ ಆ ಮನೆ. ಈಗ ಅದರಲ್ಲಿ ತಮ್ಮ ರಂಜನ್, ಅವನ ಹೆಂಡತಿ ಕ್ಷಮಾ, ಮಗಳು ಧನ್ಯಶ್ರೀ. ರಂಜನ್ ಗಂಗೊಳ್ಳಿಯಿಂದ ಬೋಟಿಗೆ ಹೋಗುತ್ತಾನೆ. ಶ್ರೀಲತಾ ಚಿಕ್ಕವಳಿದ್ದಾಗ ಮನೆಯ ಮುಖ ಕಡಲಿಗಿತ್ತು. ಪಡುವಣ ಬಾಗಿಲು ತೆರೆದರೆ ಅಂಗಳ, ಅಂಗಳ ದಾಟಿದರೆ ಬಲೆ ಒಣಗಿಸುವ ಮರಳು, ಅದರಾಚೆ ಎಳೆದಿಟ್ಟ ದೋಣಿ, ಆಮೇಲೆ ಕಡಲು. ವರ್ಷ ಹೋದ ಹಾಗೆ ಕಡಲು ಇವನ್ನೆಲ್ಲ ಒಂದೊಂದಾಗಿ ತೆಗೆದುಕೊಂಡಿತು. ಒಂದು ಮಳೆಗಾಲ ಅಲೆ ಬಾಗಿಲೊಳಗೇ ಬಂದು ಅಕ್ಕಿಯ ಡಬ್ಬಿಯನ್ನು ತೇಲಿಸಿದ ಮೇಲೆ ಅಪ್ಪ ತಿಮ್ಮ ಖಾರ್ವಿ ಮನೆಯ ಮುಖ ತಿರುಗಿಸಿದ. ಮೂಡಣ ಗೋಡೆ ಒಡೆದು, ಹೊಸ ಹೊಸ್ತಿಲು ಇಟ್ಟು, ಭಟ್ಟರನ್ನು ಕರೆಸಿ, ಇನ್ನು ಇದೇ ಹೆಬ್ಬಾಗಿಲು ಎಂದ. ಅಮ್ಮ ಗೊಣಗುತ್ತಲೇ ಸೋಣೆಯ ಹೂವನ್ನು ಮೂಡಣ ಹೊಸ್ತಿಲಿಗೆ ತಂದಳು. ಅಮ್ಮನ ಕಾಲದ ನಂತರ ಕ್ಷಮಾಳೂ ಅಲ್ಲೇ ಇಡುತ್ತ ಬಂದಳು. ಪಡುವಣ ಬಾಗಿಲು ಹಿತ್ತಿಲ ಬಾಗಿಲಾಯಿತು. ಕಡಲಿಗೆ ಬೆನ್ನು ಹಾಕಿದರೆ ಅದು ಸುಮ್ಮನಾಗುತ್ತದೆ ಎಂದು ಅಪ್ಪ ನಂಬಿದ್ದನೋ, ಅದನ್ನು ದಿನಾ ಎದುರಿಗೆ ನೋಡಲಾರದೆ ಹಾಗೆ ಮಾಡಿದನೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮನೆ ಉದ್ದುದ್ದ. ಮೂಡಣ ಹೊಸ್ತಿಲಿನಿಂದ ಅಳೆದರೆ ಹಳದಿ, ಪಡುವಣದಿಂದ ಅಳೆದರೆ ಕೆಂಪು. ಇದನ್ನು ತಿಳಿಯಲು ಶ್ರೀಲತಾಳಿಗೆ ಟೇಪು ಬೇಕಿರಲಿಲ್ಲ. ಹೂವು ಮೂಡಣದಲ್ಲೇ ಇರುವುದರಿಂದ ಇದರಲ್ಲಿ ಮೋಸವೂ ಇಲ್ಲ ಎಂದು ಅವಳು ತನಗೆ ತಾನೇ ನೂರು ಸಲ ಹೇಳಿಕೊಂಡಿದ್ದಳು. ನೂರು ಸಲ ಹೇಳಿಕೊಳ್ಳಬೇಕಾದ ಮಾತಿನಲ್ಲಿ ಏನೋ ಒಂದು ಕೊಕ್ಕೆ ಇರುತ್ತದೆ ಎನ್ನುವುದೂ ಅವಳಿಗೆ ಗೊತ್ತಿತ್ತು. ಆ ಮನೆಯನ್ನು ಬೇರೆಯವರು ಅಳೆಯಲಿ ಎಂದು ಕಚೇರಿಯಲ್ಲಿ ಒಂದು ಮಾತು ಹೇಳಬಹುದಿತ್ತು. ಅವಳು ಹೇಳಲಿಲ್ಲ.

ಅವಳಿಗೆ ಆ ಮನೆ ಬೇಕಿತ್ತು. ಗಂಡ ಯತೀಶ ಕೊಡಚಾದ್ರಿಗೆ ಜೀಪು ಓಡಿಸುವವ, ಒಳ್ಳೆಯವ; ಗಂಡನ ಮನೆಯಲ್ಲಿ ಅವಳಿಗೆ ಕೊರತೆಯೆಂದರೆ ಕಡಲೊಂದೇ. ಮದುವೆಯಾಗಿ ಹೋದ ಹೊಸತರಲ್ಲಿ ನಿದ್ದೆಯೇ ಬರುತ್ತಿರಲಿಲ್ಲ. ಇಲ್ಲಿ ಏನೂ ಸದ್ದಿಲ್ಲ ಎಂದು ಅತ್ತೆಯ ಹತ್ತಿರ ಹೇಳಿದಾಗ, ಸದ್ದಿಲ್ಲದಿದ್ದರೆ ನಿದ್ದೆ ಬರಬೇಕಲ್ಲವೇ ಎಂದು ಅವರು ನಕ್ಕಿದ್ದರು. ಆಮೇಲೆ ನಿದ್ದೆ ಬಂತು, ಮಕ್ಕಳಾದರು, ಕೆಲಸ ಸಿಕ್ಕಿತು. ಆದರೂ ಬೈಂದೂರಿನಿಂದ ಕುಂದಾಪುರಕ್ಕೆ ಹೋಗುವ ಬಸ್ಸಿನಲ್ಲಿ, ರಸ್ತೆ ಬದಿಗೇ ಕಡಲಿರುವ ಮರವಂತೆ ಬಂದಾಗ ಅವಳು ಮಾತು ನಿಲ್ಲಿಸುತ್ತಿದ್ದಳು. ತವರಿಗೆ ಬಂದಾಗ ಮೂಡಣ ಹೆಬ್ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುವುದೆಂದೇ ಇಲ್ಲ. ಮನೆ ಸುತ್ತುಹಾಕಿ ನೇರ ಪಡುವಣಕ್ಕೆ ಹೋಗಿ, ಹಳೆಯ ಹೊಸ್ತಿಲ ಮೇಲೆ ಕುಳಿತು, ಕಾಲನ್ನು ಮರಳಿಗೆ ಇಳಿಬಿಡುತ್ತಿದ್ದಳು. ಹೊಸ್ತಿಲ ಮೇಲೆ ಕೂರಬಾರದೆಂದು ಅಮ್ಮ ಇದ್ದಷ್ಟು ದಿನ ಬೈದಳು. ಕ್ಷಮಾ ಬೈಯಲಿಲ್ಲ, ಚಾ ತಂದು ಅಲ್ಲೇ ಕೊಡುತ್ತಿದ್ದಳು. ಅಲ್ಲಿ ಕುಳಿತಷ್ಟು ಹೊತ್ತು ಶ್ರೀಲತಾ ಯಾರ ಹೆಂಡತಿಯೂ ಅಲ್ಲ, ಯಾವ ಗ್ರಾಮದ ಅಧಿಕಾರಿಯೂ ಅಲ್ಲ. ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಅದೊಂದಕ್ಕಾಗಿ ಅವಳು ವರ್ಷವಿಡೀ ಕಾಯುತ್ತಿದ್ದಳು ಎಂದರೆ ಯಾರೂ ನಂಬಲಿಕ್ಕಿಲ್ಲ. ಈ ವರ್ಷ ಕೆಲಸದ ಮೇಲೆ ಕೆಲಸ ಬಿದ್ದು ಮಳೆಗಾಲದಲ್ಲಿ ಬರಲು ಆಗಿರಲಿಲ್ಲ. ಫೋನಿನಲ್ಲಿ ಕೇಳಿದಾಗಲೆಲ್ಲ ರಂಜನ್ ಎಲ್ಲ ಸರಿ ಇದೆ ಎನ್ನುತ್ತಿದ್ದ.

ತವರಿನ ಪಕ್ಕದ ಮನೆ ಕುಷ್ಟನದು. ಅಪ್ಪನ ಜೊತೆ ದೋಣಿಗೆ ಹೋಗುತ್ತಿದ್ದ ಮುದುಕ. ಅವನ ಮನೆಗೆ ಇರುವುದೇ ಒಂದು ಬಾಗಿಲು, ಅದೂ ಪಡುವಣಕ್ಕೆ. ಅಳೆದದ್ದೇ ಮೊಬೈಲು ಕೆಂಪಾಯಿತು. ಶ್ರೀಲತಾ ಅವನಿಗೆ ಗುಡ್ಡದ ಬದಿಯ ಜಾಗದ ವಿಷಯ ವಿವರಿಸಿದಳು. ನೀರು, ಕರೆಂಟು, ರಸ್ತೆ ಎಲ್ಲ ಇದೆ ಎಂದಳು. ಕುಷ್ಟ ಸಿಟ್ಟು ಮಾಡಲಿಲ್ಲ. ಎಲ್ಲ ಕೇಳಿಸಿಕೊಂಡು ತಲೆ ಅಲ್ಲಾಡಿಸಿ, ಪಕ್ಕದ ಮನೆಯ ಕಡೆ ಗಲ್ಲದಿಂದ ತೋರಿಸಿದ.

"ಅಲ್ಲಿಗೂ ಇದೇ ಟೇಪಾ ಮಗಾ?"

ಇದೇ ಟೇಪು ಎಂದಳು ಶ್ರೀಲತಾ. ಸುಳ್ಳಲ್ಲ. ಟೇಪು ಅದೇ, ಬಾಗಿಲು ಬೇರೆ. ಆದರೂ ಅವನ ಅಂಗಳ ದಾಟುವವರೆಗೆ ಅವಳಿಗೆ ತಲೆ ಎತ್ತಲಾಗಲಿಲ್ಲ.

ರಂಜನ್ ಮೂಡಣ ಬಾಗಿಲ ಹೊರಗೆ ನಿಂತಿದ್ದ. ಬೋಟಿಗೆ ರಜೆ ಹಾಕಿದ್ದನಂತೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ; ಅಕ್ಕನಿಗಾಗಿ ಅಲ್ಲ, ಸರ್ಕಾರಕ್ಕಾಗಿ. ಅಕ್ಕ ಎನ್ನಲೋ ಮೇಡಂ ಎನ್ನಲೋ ಎಂದು ಒಂದು ಕ್ಷಣ ತಡವರಿಸಿದ. ವಿಶಾಲ್ ಮುಖ್ಯ ಹೊಸ್ತಿಲು ಯಾವುದೆಂದು ಪದ್ಧತಿಯಂತೆ ಕೇಳಿದಾಗ ರಂಜನ್ ಹಿಂದೆ ತಿರುಗದೆಯೇ ಕೈ ಹಿಂದಕ್ಕೆ ಮಾಡಿ ತೋರಿಸಿ, ಇದೇ, ಅಪ್ಪ ಇಟ್ಟದ್ದು ಎಂದ. ವಿಶಾಲ್ ಹೂವನ್ನು ಹುಡುಕಿದ. ಹೂವಿರಲಿಲ್ಲ.

ಹೊಸ್ತಿಲು ಒಣಗಿತ್ತು. ಹಳೆಯ ಗೆರೆ ಒರೆಸಿ ಗುಡಿಸಿದ್ದರು, ಅಷ್ಟೇ. ಶೇಡಿಯ ಒಂದು ಗೆರೆಯೂ ಇಲ್ಲ. ಸೋಣೆ ತಿಂಗಳಲ್ಲಿ ಹೊಸ್ತಿಲು ಬೋಳಾಗಿರುವುದೆಂದರೆ ಮನೆಯಲ್ಲಿ ಸೂತಕವಿರಬೇಕು. ಯಾರಿಗೆ ಏನಾಯಿತು ಎಂದು ಶ್ರೀಲತಾ ಕೇಳಿದರೆ ರಂಜನ್ ಏನೂ ಇಲ್ಲ ಎಂದ. ಕ್ಷಮಾ ನಿನ್ನೆಯವರೆಗೆ ಇಲ್ಲೇ ಹೂವಿಡುತ್ತಿದ್ದಳು, ಇವತ್ತು ಬೆಳಿಗ್ಗೆಯಿಂದ ಮಾತೇ ಆಡುತ್ತಿಲ್ಲ ಎಂದು ಹೊಸ್ತಿಲನ್ನೇ ನೋಡುತ್ತ ಹೇಳಿದ. ಅವನ ಮುಖದಲ್ಲಿ ಏನೋ ಹೆದರಿಕೆ ಇತ್ತು. ವಿಶಾಲ್ ಟೇಪಿನ ತುದಿ ಹಿಡಿದುಕೊಂಡು, ಇಲ್ಲಿಂದಲೇ ಶುರುಮಾಡೋಣವೇ ಎಂದು ಕೇಳಿದ. ಶ್ರೀಲತಾ, ಪ್ರತಿ ಸಲ ಹೋಗುವ ಹಾಗೆ, ಮನೆ ಸುತ್ತುಹಾಕಿ ಪಡುವಣಕ್ಕೆ ಹೋದಳು.

ಪಡುವಣದಲ್ಲಿ ಅವಳಿಗೆ ಪರಿಚಯದ ಮರಳು ಇರಲಿಲ್ಲ. ಮರಳ ಚೀಲಗಳು ಹರಿದು ಬಿದ್ದಿದ್ದವು. ಮೂಲೆಯ ತೆಂಗು ಬುಡ ಮೇಲಾಗಿ ಮಲಗಿತ್ತು. ಅಡುಗೆಮನೆಯ ಗೋಡೆಯಲ್ಲಿ ಕೆಳಗಿನಿಂದ ಒಂದು ಬಿರುಕು ಕಿಟಕಿಯವರೆಗೆ ಹತ್ತಿತ್ತು. ಅದಕ್ಕೆ ಸಿಮೆಂಟು ಮೆತ್ತಿದ್ದರು, ಸಿಮೆಂಟೂ ಬಿರಿದಿತ್ತು. ಎಲ್ಲ ಸರಿ ಇದೆ ಎಂದು ತಮ್ಮ ಹೇಳುತ್ತ ಬಂದದ್ದು ಇದನ್ನು.

ಹಳೆಯ ಹೊಸ್ತಿಲು ತೊಳೆದಿತ್ತು. ಉಪ್ಪು ತಿಂದು ಸವೆದ ಆ ಮರದ ಮೇಲೆ ಶೇಡಿಯ ಗೆರೆಗಳು ಒದ್ದೆಯಾಗಿಯೇ ಇದ್ದವು. ಎರಡು ತುದಿಗೂ ನಡುವಿಗೂ ಹೂವು. ಅಪ್ಪ ಬಾಗಿಲು ತಿರುಗಿಸಿದ ಮೇಲೆ ಈ ಹೊಸ್ತಿಲು ಹೂವು ಕಂಡದ್ದು ಇದೇ ಮೊದಲು. ಒಳಬದಿಯಲ್ಲಿ ಕ್ಷಮಾ ನಿಂತಿದ್ದಳು. ಮಿಂದ ಕೂದಲನ್ನು ಗಂಟು ಹಾಕಿದ್ದಳು, ಬೆರಳಲ್ಲಿ ಇನ್ನೂ ಬಿಳಿ ಇತ್ತು.

"ಹೊಸ್ಲ್ ಇದೇ ಅತ್ಗಿ," ಎಂದಳು. "ಇಲ್ಲಿಂದ ಅಳೀರಿ."

ಶ್ರೀಲತಾಳಿಗೆ ಮೊದಲು ಬಂದದ್ದು ಸಿಟ್ಟು. ಹೊರಗಿನಿಂದ ಬಂದವಳು, ಅಪ್ಪ ಇಟ್ಟ ಹೊಸ್ತಿಲನ್ನು ಬೋಳು ಮಾಡಿದಳಲ್ಲ ಎಂಬ ಸಿಟ್ಟು. ತಾನೂ ಈಗ ಈ ಮನೆಗೆ ಹೊರಗಿನಿಂದ ಬರುವವಳೇ ಎನ್ನುವುದು ಆಗ ನೆನಪಾಗಲಿಲ್ಲ. ಅಪ್ಪ ಹೆಬ್ಬಾಗಿಲು ತಿರುಗಿಸಿದ್ದು ನಿನಗೆ ಗೊತ್ತಿಲ್ಲವೇ ಎಂದು ಕೇಳಿದಳು. ಕೇಳಿದ ದನಿ ಕಚೇರಿಯದ್ದಾಗಿತ್ತು.

"ಮಾವ ಬಾಗ್ಲ್ ತಿರ್ಗ್ಸಿರ್," ಎಂದಳು ಕ್ಷಮಾ. "ಕಡ್ಲ್ ತಿರ್ಗ್ಲಿಲ್ಲ."

ಆಮೇಲೆ ಅವಳು ಒಂದೊಂದಾಗಿ ಹೇಳಿದಳು. ಅಳಲಿಲ್ಲ, ಏರುದನಿಯೂ ಇಲ್ಲ. ಅಂಗಡಿಯಿಂದ ತರಬೇಕಾದ ಸಾಮಾನು ಹೇಳುವ ಹಾಗೆ ಹೇಳಿದಳು. ಈ ಮಳೆಗಾಲದಲ್ಲಿ ಗಾಳಿ ಎದ್ದ ದಿನವೆಲ್ಲ ರಂಜನ್ ಮೂಡಣ ಜಗಲಿಯಲ್ಲಿ ಕೂತೇ ಬೆಳಗು ಮಾಡಿದ್ದು. ಅಲೆ ಬಡಿದಾಗ ಅಡುಗೆಮನೆಯ ಪಾತ್ರೆಗಳು ನಡುಗುವುದು. ಧನ್ಯಶ್ರೀ ಶಾಲೆಯ ಚೀಲವನ್ನು ತಲೆಯಡಿಗೆ ಇಟ್ಟುಕೊಂಡೇ ಮಲಗುವುದು, ಓಡಬೇಕಾದರೆ ಪುಸ್ತಕ ಬಿಟ್ಟುಹೋಗಬಾರದಲ್ಲ ಎಂದು. ಇದನ್ನೆಲ್ಲ ಅಕ್ಕನಿಗೆ ಹೇಳಕೂಡದು ಎಂದು ರಂಜನ್ ಮಗಳ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದನಂತೆ. ಅಕ್ಕನಿಗೆ ಇರುವ ತವರು ಇದೊಂದೇ, ಅಕ್ಕ ವರ್ಷಕ್ಕೊಮ್ಮೆ ಬಂದು ಕೂರುವುದು ಇಲ್ಲೇ, ಅವಳು ಬದುಕಿರುವಷ್ಟು ದಿನ ಇದನ್ನು ಹೇಗಾದರೂ ನಿಲ್ಲಿಸಿಕೊಳ್ಳಬೇಕು ಎಂದು ಅವನ ಹಟ. ಇವತ್ತು ಬಾಯಿ ಬಿಟ್ಟರೆ ನಾಳೆ ಎಲ್ಲರೂ ಸೊಸೆ ಬಂದು ತವರು ಮುಗಿಸಿದಳು ಎನ್ನುತ್ತಾರೆ, ಅದಕ್ಕೇ ಬಾಯಿ ಬಿಡದೆ ಹೂವಿಟ್ಟೆ ಎಂದಳು ಕ್ಷಮಾ. ಈಗ ಬಾಯಿಯನ್ನೂ ಬಿಟ್ಟಾಯಿತು.

ರಂಜನ್ ಅಷ್ಟರಲ್ಲಿ ಸುತ್ತಿಬಂದು ಅಕ್ಕನ ಹಿಂದೆ ನಿಂತಿದ್ದ. ಹೂವು ಕಂಡು, ಹೆಂಡತಿಯ ಮುಖ ಕಂಡು, ಎಲ್ಲ ಅರ್ಥವಾಗಿ, ಬೈಯಲು ಬಾಯಿ ತೆರೆದವನು ಬೈಯಲಿಲ್ಲ. ಅಕ್ಕನಿಗೆ ಬರಲು ಒಂದು ಜಾಗ ಬೇಡವಾ ಎಂದು ಮಾತ್ರ ಗೊಣಗಿದ. ಅದು ಯಾರಿಗೆ ಹೇಳಿದ್ದೋ ಗೊತ್ತಾಗಲಿಲ್ಲ.

ಕ್ಷಮಾ ಅವನ ಕಡೆ ನೋಡಲೇ ಇಲ್ಲ.

"ಒಂದ್ ಕೇಂತೆ ಅತ್ಗಿ, ಬೇಜಾರ್ ಮಾಡ್ಬೇಡಿ. ನೀವ್ ಬಪ್ದ್ ನಮ್ ಮನಿಗಾ, ಕಡ್ಲಿಗಾ?"

ಮದುವೆಯಾಗಿ ಬಂದಂದಿನಿಂದ ಚಾ ಕೊಡುತ್ತ ಬಂದವಳು ಕೇಳಿದ ಪ್ರಶ್ನೆ ಅದು. ತಾನು ಬರುವುದು ನಿಮ್ಮ ಮನೆಗೇ ಎಂದುಬಿಡುವುದು ಸುಲಭವಿತ್ತು, ಸುಖವೂ ಇತ್ತು. ಶ್ರೀಲತಾಳಿಗೆ ಈ ಮನೆಯ ಒಳಗಿನದು ಏನು ಗೊತ್ತು? ಕ್ಷಮಾಳ ತವರಿನವರು ಹೇಗಿದ್ದಾರೆ ಎಂದು ಕೊನೆಯ ಸಲ ಕೇಳಿದ್ದು ಯಾವಾಗ? ಧನ್ಯಶ್ರೀ ಈಗ ಎಷ್ಟನೆಯ ತರಗತಿ? ಎರಡು ಸಲ ಯೋಚಿಸಿದರೂ ಬರಲಿಲ್ಲ. ಅವಳು ಇಷ್ಟು ವರ್ಷ ಈ ಮನೆಗೆ ಬಂದು ಇದಕ್ಕೆ ಬೆನ್ನು ಹಾಕಿ ಕುಳಿತಿದ್ದಳು. ಒಳಗೆ ಇವರು ಹೆದರಿಕೆಯಲ್ಲಿ ಬಾಳುತ್ತಿರುವಾಗ ಹೊರಗೆ ಅವಳಿಗೆ ಅದೇ ಅಲೆಯ ಸದ್ದು ಜೋಗುಳವಾಗಿತ್ತು.

"ಕಡ್ಲಿಗೆ," ಎಂದಳು ಶ್ರೀಲತಾ.

ಕಡಲಿಗೇ. ಆ ಸದ್ದಿಗೆ, ಆ ಗಾಳಿಗೆ, ಕಾಲಡಿಯಲ್ಲಿ ಜಾರುವ ಆ ಮರಳಿಗೆ. ಅದು ಬೇಕು, ಇವತ್ತೂ ಬೇಕು, ಸಾಯುವವರೆಗೂ ಬೇಕು. ಬೇಕೆನ್ನುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದರ ಬಾಡಿಗೆಯನ್ನು ಶಾಲೆಗೆ ಹೋಗುವ ಒಂದು ಮಗು ಕಟ್ಟುತ್ತಿತ್ತು.

ಕ್ಷಮಾಳ ಮುಖ ಸಡಿಲವಾಯಿತು. ಗೆದ್ದೆ ಎಂಬ ಭಾವ ಅದರಲ್ಲಿ ಇರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿಕೊಂಡು, ಹೊಸ್ತಿಲ ಆಚೆಗೆ ಮೊದಲ ಸಲವೆಂಬಂತೆ ಕಡಲನ್ನು ನೋಡಿದಳು.

"ಕಡ್ಲ್ ಎಲ್ಲಿಗೂ ಹೋತಿಲ್ಲ ಅತ್ಗಿ. ನೀವ್ ಯಾವಾಗ್ ಬಂದ್ರೂ ಇಲ್ಲೇ ಇರತ್ತ್. ನಾವ್ ಹೋಯ್ಕ್."

ಹೋಗಬೇಕಾದವರು ಇವರೇ. ಶ್ರೀಲತಾ ವಿಶಾಲನನ್ನು ಕರೆದಳು. ಅವನು ಮೂಡಣದಿಂದ ಟೇಪು ಸುತ್ತಿಕೊಂಡು ಬಂದು, ಹೂವನ್ನು ಕಂಡು, ಓ ಇಲ್ಲಿದೆಯಾ ಎಂದು ಸಮಾಧಾನಪಟ್ಟ. ಟೇಪಿನ ತುದಿಯನ್ನು ಕ್ಷಮಾ ತಾನೇ ಕೇಳಿ ತೆಗೆದುಕೊಂಡು, ಕುಕ್ಕರುಗಾಲಲ್ಲಿ ಕುಳಿತು, ಶೇಡಿ ಗೆರೆ ಅಳಿಸದ ಹಾಗೆ ಹೊಸ್ತಿಲ ಅಂಚಿಗೆ ಒತ್ತಿಹಿಡಿದಳು. ವಿಶಾಲ್ ಫೋಟೊ ತೆಗೆದು, ಮೊಬೈಲಿನಲ್ಲಿ ಮನೆಯ ಯಜಮಾನನ ಹೆಸರು ತುಂಬಿಸಿ, ಬಣ್ಣದ ಜಾಗಕ್ಕೆ ಬೆರಳು ಹಿಡಿದು ಕಾದ. ರಂಜನ್ ಬಿದ್ದ ತೆಂಗಿನ ಕಾಂಡದ ಮೇಲೆ ಹೋಗಿ ಕುಳಿತ. ಇಸ್ತ್ರಿಯ ಅಂಗಿಯ ಗುಂಡಿಯನ್ನು ಒಂದು ಬಿಚ್ಚಿದ. ಬಹಳ ದಿನದ ನಂತರ ಉಸಿರಾಡಿದವನ ಹಾಗೆ ಕಂಡ.

ಶ್ರೀಲತಾ ಟೇಪು ಎಳೆದುಕೊಂಡು ಕಡಲಿನ ಕಡೆ ನಡೆದಳು. ಚಿಕ್ಕವಳಿದ್ದಾಗ ಇದೇ ದಾರಿಯಲ್ಲಿ ನೀರು ಮುಟ್ಟಿ ಬರಲು ಓಡಿದರೆ ಸುಸ್ತಾಗುತ್ತಿತ್ತು. ಈಗ ಟೇಪು ಪೂರ್ತಿ ಬಿಚ್ಚಿಕೊಳ್ಳಲೂ ಇಲ್ಲ, ಉಬ್ಬರದ ಗೆರೆ ಬಂದೇಬಿಟ್ಟಿತು. ಒಣಗಿದ ಕಸಕಡ್ಡಿ, ಹರಿದ ಬಲೆಯ ಚೂರು, ಚಿಪ್ಪು ಸಾಲಾಗಿ ಬಿದ್ದಲ್ಲಿ ಅವಳು ಟೇಪನ್ನು ನೆಲಕ್ಕೆ ಒತ್ತಿದಳು. ಸಂಖ್ಯೆ ನೋಡಿದಳು. ನೋಡುವ ಅಗತ್ಯವಿರಲಿಲ್ಲ. ಒಂದು ಅಲೆ ಗೆರೆಯವರೆಗೂ ಬಂದು ಸೀರೆಯ ಅಂಚು ನೆನೆಸಿ ಹಿಂದೆ ಹೋಯಿತು. ಎದ್ದು ಮನೆಯ ಕಡೆ ತಿರುಗಿದರೆ ಕಣ್ಣೆಲ್ಲ ಮಂಜಾಗಿ ಬಾಗಿಲು ಸರಿಯಾಗಿ ಕಾಣಲಿಲ್ಲ. ಆದರೂ ಹೇಳಿದಳು.

"ಕೆಂಪು."

ಅಲೆಯ ಸದ್ದಿಗೆ ಅದು ಅವಳ ಕಿವಿಗೇ ಕೇಳಿಸಲಿಲ್ಲ. ವಿಶಾಲ್ ಬಾಗಿಲ ಬಳಿಯಿಂದ ಒಂದು ಕೈಯನ್ನು ಕಿವಿಗೆ ಅಡ್ಡ ಹಿಡಿದು, ಏನೂ ಕೇಳಿಸುತ್ತಿಲ್ಲ ಮೇಡಂ, ಸ್ವಲ್ಪ ಗಟ್ಟಿಯಾಗಿ ಹೇಳಿ ಎಂದು ಕೂಗಿದ. ಪಕ್ಕದಂಗಳದಲ್ಲಿ ಕುಷ್ಟ ಎದ್ದು ನಿಂತು ಇತ್ತ ನೋಡಿದ. ಕ್ಷಮಾ ಟೇಪಿನ ತುದಿ ಬಿಟ್ಟಿರಲಿಲ್ಲ. ಶ್ರೀಲತಾ ಉಸಿರು ತೆಗೆದುಕೊಂಡು, ಇಡೀ ಕೇರಿಗೆ ಕೇಳುವ ಹಾಗೆ, ಅದನ್ನೇ ಇನ್ನೊಮ್ಮೆ ಹೇಳಿದಳು.